ಕತ್ತಲೆಕಾನಿನ ಜೌಗಿನಲ್ಲಿ ಒಂದು ದಿನ

ಮಗಳನ್ನು ಸಿದ್ದಾಪುರ ತಾಲೂಕಿಗೆ ಕೊಟ್ಟ ಮೇಲೆ ವರ್ಷಕ್ಕೊಮ್ಮೆಯಾದರೂ ಮಲೆನಾಡಿನ ನೆಲವನ್ನು ತುಳಿಯುವ ಯೋಗ ನಮಗೆ ಒದಗಿದೆ. ಕಳೆದ ಕಾರ್ತಿಕದಲ್ಲಿ ನಾನು ಮತ್ತು ನನ್ನ ಶ್ರೀಮತಿ ಅಲ್ಲಿಗೆ ಹೋದಾಗ ಬೀಗರು, "ಜೋಗವನ್ನು ನೋಡಿದ್ದೀರಿ, ಕೆಳದಿ ಇಕ್ಕೇರಿಗಳನ್ನೂ ನೋಡಿದ್ದೀರಿ. ಈ ಸಲ ನೀರು ಹುಟ್ಟುವ ಜಾಗ ತೋರಿಸುತ್ತೇನೆ, ಬನ್ನಿ" ಎಂದರು. ಗದಗ ಸೀಮೆಯ ಎರೆಭೂಮಿಯಲ್ಲಿ ಬೆಳೆದವನು ನಾನು. ನೀರು ಹುಟ್ಟುವ ಜಾಗವೆಂದರೆ ಬೆಟ್ಟದ ಮೇಲಿನ ಒಂದು ಒರತೆಯಿರಬಹುದೆಂದುಕೊಂಡೆ.

ಬೆಳಗಿನ ಲಿಂಗಪೂಜೆ ಮುಗಿಸಿ, ತೆಳುದೋಸೆಗೆ ಜೋನಿಬೆಲ್ಲ ಹಚ್ಚಿಕೊಂಡು ತಿಂದು ಹೊರಟೆವು. ದೋಸೆಯ ಮೇಲೆ ಬೀಗಿತಿಯವರು ಸವರಿದ್ದು ಹಸುವಿನ ತುಪ್ಪವಲ್ಲ, ಉಪ್ಪಾಗೆಯ ಬೀಜದಿಂದ ತೆಗೆದ ತುಪ್ಪ ಎಂಬುದು ತಿಂದ ಮೇಲಷ್ಟೇ ತಿಳಿಯಿತು. ಉಪ್ಪಾಗೆ ಕಾಡಿನ ಮರ. ಅದರ ಹಣ್ಣಿನ ಸಿಪ್ಪೆಯನ್ನು ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿ ಹುಣಸೆಯ ಬದಲು ಹುಳಿಗೆ ಬಳಸುತ್ತಾರೆ.

ಮಾವಿನಗುಂಡಿ ದಾಟಿ ಹೊನ್ನಾವರದ ರಸ್ತೆಯಲ್ಲಿ ಮಲೆಮನೆಯ ಕಡೆಗೆ ಸಾಗಿದರೆ ಕತ್ತಲೆಕಾನು. ಹೆಸರು ಸುಳ್ಳಲ್ಲ. ಹತ್ತು ಗಂಟೆಯ ಬಿಸಿಲು ರಸ್ತೆಯಲ್ಲಿಯೇ ನಿಂತುಬಿಟ್ಟಿತು. ಉಂಬಳಗಳು ಹತ್ತದಿರಲೆಂದು ಕಾಲಿಗೆ ಸುಣ್ಣ, ಹೊಗೆಸೊಪ್ಪು ಸವರಿಕೊಂಡು, ಕಾಡನ್ನು ಬಲ್ಲ ಅರಣ್ಯ ಕಾವಲುಗಾರರೊಬ್ಬರ ಹಿಂದೆ ಇಳಿದೆವು. ಇಳಿದಂತೆ ನೆಲ ಮೆದುವಾಯಿತು. ಕೊನೆಗೆ ಕಾಲು ಮೀನಖಂಡದವರೆಗೆ ಕೆಸರಿನಲ್ಲಿ ಹೂತಿತು.

ಅದು ರಾಂಪತ್ರೆಯ ಜಡ್ಡಿ. ಜಾಜಿಕಾಯಿಯ ಕುಲಕ್ಕೆ ಸೇರಿದ, ಬಹು ಪುರಾತನವಾದ ಮರಗಳು ಅಲ್ಲಿ ನೀರಿನಲ್ಲಿಯೇ ನಿಂತಿವೆ. ಕೆಸರಿನೊಳಗೆ ಬೇರಿಗೆ ಗಾಳಿ ಸಿಗುವುದಿಲ್ಲ. ಆದ್ದರಿಂದ ಬೇರುಗಳು ನೆಲದಿಂದ ಮೇಲೆದ್ದು, ಮಡಿಸಿದ ಮೊಣಕಾಲಿನಂತೆ ಬಾಗಿ, ಗಾಳಿಯನ್ನು ಹೀರಿ ಮತ್ತೆ ಕೆಸರಿಗೆ ಇಳಿಯುತ್ತವೆ. ಇನ್ನು ಕೆಲವು ಮರಗಳು ಕಾಂಡದಿಂದಲೇ ಊರುಗೋಲಿನಂಥ ಬೇರುಗಳನ್ನು ಬಿಟ್ಟು ನಿಂತಿದ್ದವು. ಕಾಲಿಡಲು ಬೇರಿಲ್ಲದ ಜಾಗವನ್ನು ಹುಡುಕಬೇಕಾಯಿತು. ಗೇರಿನ ಬಳಗದ ಒಂದು ಮರವನ್ನೂ ಅವರು ತೋರಿಸಿದರು. ಲೋಕಕ್ಕೆ ಅದು ಹೊಸ ಪ್ರಭೇದವೆಂದು ವಿಜ್ಞಾನಿಗಳು ೨೦೦೦ದಲ್ಲಿ ವರ್ಣಿಸಿ, ಈ ಕಾನಿನ ಹೆಸರನ್ನೇ ಅದಕ್ಕೆ ಇಟ್ಟಿದ್ದಾರೆ. ಸಿಂಗಳೀಕಗಳ ಕೂಗು ಮಾತ್ರ ಕೇಳಿಸಿತು, ದರ್ಶನವಾಗಲಿಲ್ಲ.

ಮಳೆಗಾಲದ ನೀರನ್ನು ಈ ಕೆಸರು ಮತ್ತು ಕೊಳೆತ ಎಲೆಗಳ ಹಾಸು ಹಿಡಿದಿಟ್ಟುಕೊಂಡು, ಬೇಸಿಗೆಯಲ್ಲಿ ಸ್ವಲ್ಪಸ್ವಲ್ಪವಾಗಿ ಬಿಟ್ಟುಕೊಡುತ್ತದೆ. ಅಂಗೈಯಗಲದ ಧಾರೆಯೊಂದು ಬೇರುಗಳ ನಡುವೆ ಸದ್ದಿಲ್ಲದೆ ಹರಿದು ಶರಾವತಿಯ ದಿಕ್ಕಿಗೆ ಹೊರಟಿತ್ತು. "ವೈಶಾಖದಲ್ಲೂ ಇದು ನಿಲ್ಲುವುದಿಲ್ಲ" ಎಂದರು ಬೀಗರು. ಸ್ವಲ್ಪ ಸುಮ್ಮನಿದ್ದು, "ನಮ್ಮ ತೋಟವೂ ಅಜ್ಜನ ಕಾಲಕ್ಕೆ ಇಂಥದೇ ಜಡ್ಡಿಯಾಗಿತ್ತಂತೆ. ಕಡಿದು ಅಡಿಕೆ ಹಾಕಿದರು. ಅದರಿಂದಲೇ ಓದಿದೆವು, ಉಂಡೆವು. ಈಗ ಬೇಸಿಗೆಯಲ್ಲಿ ತೋಟಕ್ಕೆ ನೀರು ಸಾಲದು" ಎಂದರು. ಅವರ ಮಾತಿನಲ್ಲಿ ಪಶ್ಚಾತ್ತಾಪವೂ ಇರಲಿಲ್ಲ, ಸಮರ್ಥನೆಯೂ ಇರಲಿಲ್ಲ.

ನಾನು ಉತ್ತರ ಕೊಡಲಿಲ್ಲ. ನಮ್ಮ ಊರ ಕೆರೆಯ ಕೆಳಗೆ ಎರಡೆಕರೆಯಷ್ಟು ಹುದಲು ಇತ್ತು. ಸೊಳ್ಳೆಯ ತವರು, ದನ ಸಿಕ್ಕಿಬೀಳುವ ಜಾಗ. ೧೯೯೮ರಲ್ಲಿ ಅದಕ್ಕೆ ಮಣ್ಣು ತುಂಬಿ ಸಂತೆಯ ಬಯಲು ಮಾಡಬೇಕೆಂದು ಪಂಚಾಯಿತಿಯಲ್ಲಿ ಠರಾವು ಮಂಡಿಸಿದವನು ನಾನೇ. ಹೊನಗೊನ್ನೆ ಸೊಪ್ಪು ತರಲು ವಾರಕ್ಕೆರಡು ಸಲ ಅಲ್ಲಿಗೆ ಹೋಗುತ್ತಿದ್ದ ನಮ್ಮ ಅವ್ವ, "ತಮ್ಮಾ, ಹುದಲು ಮುಚ್ಚಬ್ಯಾಡ್ರೋ. ಬಾವಿ ಮುನಿಸ್ಕೋತೈತಿ" ಎಂದಳು. ಸೊಪ್ಪು ಸಂತೆಯಲ್ಲಿ ಸಿಗುತ್ತದೆಂದು ನಾನು ನಕ್ಕೆ. ೨೦೦೩ರಲ್ಲಿ ಅದರ ಪಕ್ಕದ ಸೇದುವ ಬಾವಿ ಬತ್ತಿತು. ಆಗ ನಾಡಿನಲ್ಲೆಲ್ಲ ಬರಗಾಲ. ಬರದಿಂದಲೇ ಬತ್ತಿತೆಂದು ಅವ್ವನಿಗೆ ಹೇಳಿದೆ, ಹಲವು ಸಲ ಹೇಳಿದೆ. ಮುಂದೆ ಮಳೆ ಚೆನ್ನಾಗಿ ಬಂದ ವರ್ಷಗಳಲ್ಲಿಯೂ ಆ ಬಾವಿಗೆ ನೀರು ಬರಲಿಲ್ಲ. ಅವ್ವ ಮತ್ತೆ ಆ ಮಾತನ್ನು ಎತ್ತಲಿಲ್ಲ. ಎತ್ತಿದ್ದರೆ ವಾದಿಸುತ್ತಿದ್ದೆನೇನೋ.

ಮಧ್ಯಾಹ್ನ ಮನೆಗೆ ಮರಳಿದಾಗ ಎಲೆ ಹಾಕಿಯಾಗಿತ್ತು. ಬಿಸಿ ಅನ್ನ, ಕೆಸುವಿನ ಸೊಪ್ಪಿನ ಕರಕಲಿ. ಗಂಟಲು ತುರಿಸದಿರಲೆಂದು ಅದಕ್ಕೆ ಹುಳಿ ಧಾರಾಳವಾಗಿ ಬಿದ್ದಿತ್ತು, ಬೆಳ್ಳುಳ್ಳಿಯ ಒಗ್ಗರಣೆ ಮೇಲೆ. ಉಪ್ಪಿನಲ್ಲಿಟ್ಟ ಅಪ್ಪೆಮಿಡಿಯನ್ನು ಹಿಚುಕಿ, ಇಂಗು ಸಾಸಿವೆ ಕೊಟ್ಟು ಮಾಡಿದ ತಣ್ಣನೆಯ ಅಪ್ಪೆಹುಳಿ ಲೋಟದಲ್ಲಿ. ಅದನ್ನು ಕುಡಿದರೆ ನಿದ್ದೆ ತಪ್ಪಿದ್ದಲ್ಲವೆಂದು ಅಳಿಯಂದಿರು ಎಚ್ಚರಿಸಿದರು. ಜೋಳದ ರೊಟ್ಟಿಯ ನಾಲಿಗೆಗೆ ಇವೆಲ್ಲ ಮೊದಲು ಸಪ್ಪೆಯೆನಿಸಿ, ಮೂರನೆಯ ತುತ್ತಿಗೆ ರುಚಿ ಹಿಡಿಯುತ್ತವೆ.

ಒಂದೆಲಗದ ತಂಬುಳಿ ಕೊನೆಗೆ ಬಂತು. ತೋಟದ ಕಾಲುವೆಯ ಬದಿಯಿಂದ ಆಗಷ್ಟೇ ಕಿತ್ತ ಎಲೆಯನ್ನು ಕಾಯಿ, ಜೀರಿಗೆ, ಮೆಣಸಿನೊಡನೆ ಅರೆದು ಮಜ್ಜಿಗೆಯಲ್ಲಿ ಕದಡಿದ್ದರು. ಎಲೆಯಲ್ಲಿ ಹಸಿ ನೆಲದ ಸಣ್ಣದೊಂದು ಕಹಿಯಿತ್ತು. ಹೊನಗೊನ್ನೆಯ ರುಚಿ ಬೇರೆ, ಆದರೂ ಕೈ ತಟ್ಟೆಯಲ್ಲಿಯೇ ನಿಂತಿತು. "ಅಣ್ಣನವರಿಗೆ ಸೇರಲಿಲ್ಲವೇನೋ" ಎಂದು ಬೀಗಿತಿಯವರು ನೊಂದುಕೊಂಡರು. ಸೇರಿತೆಂದು ತೋರಿಸಲು ಎರಡು ಸಲ ಬಡಿಸಿಕೊಂಡೆ.

ಹೊರಡುವಾಗ ಸಂಕೋಚದಿಂದಲೇ ಒಂದೆಲಗದ ನಾಲ್ಕು ಬಳ್ಳಿ ಕೇಳಿದೆ. ಬೀಗಿತಿಯವರು ಬೇರಿನ ಕೆಸರು ಉದುರದಂತೆ ಅಡಿಕೆಯ ಹಾಳೆಯಲ್ಲಿ ಸುತ್ತಿ ಕೊಟ್ಟರು. ಹುಬ್ಬಳ್ಳಿಯವರೆಗೆ ಅದನ್ನು ತೊಡೆಯ ಮೇಲೆ ಇಟ್ಟುಕೊಂಡೇ ಕುಳಿತೆ. "ನಮ್ಮಲ್ಲಿ ಇದಕ್ಕ ಹಸಿ ನೆಲ ಎಲ್ಲೈತ್ರಿ?" ಎಂದು ನನ್ನ ಶ್ರೀಮತಿ ಕೇಳಿದಳು.

ಬಚ್ಚಲ ನೀರು ಹರಿದುಹೋಗುವ ಮೂಲೆಯಲ್ಲಿ ನೆಟ್ಟಿದ್ದೇನೆ. ಎರಡು ಬಳ್ಳಿ ಒಣಗಿದವು, ಎರಡು ಹಿಡಿದಿವೆ.