ಮಿಲ್ಟನ್ನಿನ ಬಂಡೆಗೋಡೆ, ಹಿಮದ ಮೇಲಿನ ನೆರಳು

ಮಿಲ್ಟನ್, ಒಂಟಾರಿಯೊ
ಜನವರಿ 18

ಪ್ರೀತಿಯ ಅಣ್ಣ,

ಹಿಮ ಬಿದ್ದ ಬೆಟ್ಟದ ಫೋಟೊ ಕಳಿಸು ಎಂದು ಕೇಳುತ್ತಲೇ ಇದ್ದೆಯಲ್ಲ, ಇವತ್ತು ಕಳಿಸುತ್ತಿದ್ದೇನೆ. ಆದರೆ ಅದರಲ್ಲಿ ಶಿಖರ ಹುಡುಕಬೇಡ. ಟೊರೊಂಟೊ ಸುತ್ತಮುತ್ತ ಶಿಖರಗಳೇ ಇಲ್ಲ. ನೀನು ಕ್ಯಾಲೆಂಡರಿನಲ್ಲಿ ನೋಡಿದ ರಾಕಿ ಪರ್ವತಗಳಿಗೆ ಇಲ್ಲಿಂದ ವಿಮಾನದಲ್ಲೇ ನಾಲ್ಕು ಗಂಟೆಗೂ ಹೆಚ್ಚಿನ ದಾರಿ. ನಮ್ಮ ಪಾಲಿಗಿರುವುದು ನಯಾಗರಾ ಎಸ್ಕಾರ್ಪ್‌ಮೆಂಟ್. ಒಂಟಾರಿಯೊದೊಳಗೇ 725 ಕಿಲೋಮೀಟರ್ ಉದ್ದಕ್ಕೆ ಹಬ್ಬಿರುವ ಬಂಡೆಯ ಗೋಡೆ. ನಯಾಗರಾ ಜಲಪಾತ ಧುಮುಕುವುದೂ ಇದೇ ಗೋಡೆಯಿಂದ. ಇದು ನೆಲ ಮೇಲೆದ್ದು ಆದ ಬೆಟ್ಟವಲ್ಲ. ಮೇಲಿನ ಗಟ್ಟಿ ಕಲ್ಲು ಉಳಿದು, ಅಡಿಯ ಮೆತ್ತನೆಯ ಪದರ ಸವೆದು ಸವೆದು ನಿಂತ ಅಂಚು. ಈ ಗೋಡೆಸಾಲಿನಲ್ಲಿ ನಾನು ಹತ್ತಿದ ರ‍್ಯಾಟಲ್‌ಸ್ನೇಕ್ ಪಾಯಿಂಟ್ ಮುಳ್ಳಯ್ಯನಗಿರಿಯ ಕಾಲುಭಾಗದಷ್ಟೂ ಎತ್ತರವಿಲ್ಲ. ಆದರೂ ಫೋಟೊ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ಬೇಡ ಎಂದೇ ನನ್ನ ಅನಿಸಿಕೆ.

ಯಾಕೆಂದರೆ ಬೆಳಕು. ಈ ದಿನಗಳಲ್ಲಿ ನಡುಮಧ್ಯಾಹ್ನಕ್ಕೂ ಸೂರ್ಯ ಇಲ್ಲಿ 26 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತಾನೆ. ನಮ್ಮೂರಲ್ಲಿ ಬೆಳಗು ಸಂಜೆ ಮಾತ್ರ ಸಿಗುವ ಓರೆ ಬಿಸಿಲು ಇಲ್ಲಿ ದಿನವಿಡೀ. ಹಿಮದ ಮೇಲೆ ಒಂದು ಒಣಹುಲ್ಲಿನ ಕಡ್ಡಿ ನಿಂತಿದ್ದರೂ ಅದರ ನೆರಳು ಉದ್ದಕ್ಕೆ ಚಾಚಿಕೊಂಡಿರುತ್ತದೆ. ಬರೀ ಬಿಳುಪನ್ನೇ ಸೆರೆಹಿಡಿದರೆ ಫೋಟೊದಲ್ಲಿ ಏನೂ ಉಳಿಯುವುದಿಲ್ಲ ಅಣ್ಣ. ಬಂಡೆಯ ಉಬ್ಬು ತಗ್ಗು, ಕಣಿವೆಯ ಆಳ ಎಲ್ಲ ತೋರುವುದು ನೆರಳಿನಿಂದಲೇ. ಆ ನೆರಳು ಕಪ್ಪಲ್ಲ, ನೀಲಿ. ಬಿಸಿಲು ತಾಗದ ಹಿಮಕ್ಕೆ ಆಕಾಶದ ಬೆಳಕೊಂದೇ ಗತಿ ತಾನೆ! ಕ್ಯಾಮೆರಾದಲ್ಲಿ ಆ ನೀಲಿಯನ್ನು ತಿದ್ದಿ ಅಳಿಸುವವರಿದ್ದಾರೆ. ನನಗದು ಒಪ್ಪಿಗೆಯಿಲ್ಲ.

ಕ್ಲೈನ್‌ಬರ್ಗಿನ ಮೆಕ್‌ಮೈಕಲ್ ಗ್ಯಾಲರಿಯಲ್ಲಿ ಲಾರೆನ್ ಹ್ಯಾರಿಸ್ 1930ರಲ್ಲಿ ಬರೆದ ‘ಮೌಂಟ್ ಲೆಫ್ರಾಯ್’ ಚಿತ್ರವಿದೆ. ರಾಕಿಯ ಒಂದು ಶಿಖರ. ಅದರ ಮುಂದೆ ಬಹಳ ಹೊತ್ತು ನಿಂತೆ. ಬೆಟ್ಟದಲ್ಲಿ ಬೇಡದ್ದನ್ನೆಲ್ಲ ಬಿಟ್ಟು ಬೆಳಕು, ನೆರಳು, ಆಕಾರ ಇಷ್ಟನ್ನೇ ಉಳಿಸಿಕೊಂಡಿದ್ದಾರೆ. ಅಲ್ಲಿಂದ ಬಂದ ಮೇಲೆ ಚೌಕಟ್ಟಿನೊಳಗೆ ಏನನ್ನು ಬಿಡಬೇಕು ಎಂದು ಮೊದಲು ಯೋಚಿಸುತ್ತೇನೆ.

ಎರಡನೆಯ ಫೋಟೊದಲ್ಲಿ ಬಂಡೆಯ ಬಿರುಕಿಗೆ ಅಂಟಿಕೊಂಡ ಮುರುಟಿದ ಗಿಡ ನೋಡು. ಅದು ಬಿಳಿ ಸೀಡರ್. 1980ರ ದಶಕದ ಕೊನೆಯಲ್ಲಿ ಗ್ವೆಲ್ಫ್ ವಿಶ್ವವಿದ್ಯಾಲಯದವರು ಉಂಗುರ ಎಣಿಸಿದಾಗ, ಈ ಗೋಡೆಸಾಲಿನಲ್ಲಿ ಸಾವಿರ ವರ್ಷ ದಾಟಿದ ಸೀಡರ್‌ಗಳೂ ಇವೆ ಎಂದು ಗೊತ್ತಾಯಿತು. ಬೇಲೂರಿನ ಗುಡಿಗೆ 1117ರ ಕಾಲ. ಅದಕ್ಕೂ ಮೊದಲು ಮೊಳೆತವು! ಮಣ್ಣಿಲ್ಲ, ನೀರು ಕಡಿಮೆ, ಹಾಗಾಗಿ ಬೆಳವಣಿಗೆ ಅತಿ ನಿಧಾನ. ಕಡಿದಾದ ಬಂಡೆಗೆ ಕೊಡಲಿಯೂ ಕಾಡ್ಗಿಚ್ಚೂ ಸುಲಭವಾಗಿ ತಲುಪುವುದಿಲ್ಲ. ಎಲೆಯುದುರಿದ ಕಾಡಿನ ನಡುವೆ ಅವುಗಳ ಹಸಿರು ಎದ್ದು ಕಾಣುವುದು ಚಳಿಗಾಲದಲ್ಲೇ. ಇವುಗಳನ್ನು ಕಂಡ ಮೇಲೆ ನನಗೆ ಶಿಖರದ ಆಸೆ ಕಡಿಮೆಯಾಗಿದೆ.

ನಿನಗೂ ಉಪಯೋಗವಾಗುವ ಮಾತೊಂದಿದೆ. ಕ್ಯಾಮೆರಾ ಏನನ್ನು ಕಂಡರೂ ನಡುವಿನ ಬೂದುಬಣ್ಣದ ಮಟ್ಟಕ್ಕೆ ತರಲು ನೋಡುತ್ತದೆ, ಹಿಮವೂ ಬೂದಿಯ ಹಾಗೆ ಬರುತ್ತದೆ. ಎಕ್ಸ್‌ಪೋಷರನ್ನು ಒಂದು, ಒಂದೂವರೆ ಸ್ಟಾಪ್ ಏರಿಸಿದರೆ ಬಿಳಿ ಬಿಳಿಯಾಗಿಯೇ ನಿಲ್ಲುತ್ತದೆ. ಮುಳ್ಳಯ್ಯನಗಿರಿಯ ಮಂಜಿಗೂ ಇದೇ ಲೆಕ್ಕ. ಬ್ಯಾಟರಿ ಮಾತ್ರ ಇಲ್ಲಿನ ಕಷ್ಟ: ಚಳಿಗೆ ಬೇಗ ಇಳಿಯುತ್ತದೆ, ಇನ್ನೊಂದನ್ನು ಒಳಜೇಬಿನಲ್ಲಿ ಬೆಚ್ಚಗಿಟ್ಟುಕೊಳ್ಳಬೇಕು. ಮನೆಯೊಳಗೆ ಬರುವ ಮೊದಲು ಕ್ಯಾಮೆರಾವನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿಡುತ್ತೇನೆ, ಇಲ್ಲದಿದ್ದರೆ ಲೆನ್ಸಿನ ಮೇಲೆ ತೇವ ಕೂರುತ್ತದೆ.

ಫೋಟೊಗಳನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡು, ಅಮ್ಮನಿಗೂ ತೋರಿಸು. ಮುಂದಿನ ಸಲ ಗಿರಿಗೆ ಹೋದಾಗ ಬೆಳಗಿನ ಮಂಜಿನ ಫೋಟೊ ತೆಗೆದು ಕಳಿಸು, ಏನೂ ತಿದ್ದದೆ. ಅತ್ತಿಗೆಯನ್ನು, ಮಕ್ಕಳನ್ನು ಕೇಳಿದೆ ಎಂದು ಹೇಳು.

ಇಂತಿ,
ನಿನ್ನ ತಂಗಿ