ಟ್ಯಾಂಕಿನಲ್ಲಿ ಡೀಸೆಲ್ ಇತ್ತು, ಆದರೂ...

ಮಲೆನಾಡಿನ ಜುಲೈ ಮಳೆಯೆಂದರೆ ಕೇಳಬೇಕೆ! ಸಾಗರದಲ್ಲಿ ಹೆಂಚು ಹೇರಿಕೊಂಡು, ಹೊಸನಗರ ದಾಟಿ ತೀರ್ಥಹಳ್ಳಿಯತ್ತ ಹೊರಟಿದ್ದ ಹಳೆಯ ಲಾರಿಯೊಂದು ಏರಿನಲ್ಲಿ ಎರಡು ಸಲ ಕೆಮ್ಮಿ ನಿಂತೇಬಿಟ್ಟಿತು. ಸ್ಟೇರಿಂಗ್ ಹಿಡಿದಿದ್ದವನು 20 ವರ್ಷ ಅದೇ ದಾರಿ ಸವೆಸಿದ ಡ್ರೈವರ್. ಪಕ್ಕದಲ್ಲಿ ಕೂತಿದ್ದವನು ಅವನ ಮಗ; ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನದಲ್ಲಿ ನಪಾಸಾದವನು. 'ಓದಿದ್ದು ಸಾಕು, ಕ್ಲೀನರ್ ಆಗಿ ಬಾ' ಎಂದು ಅಪ್ಪ ಅಂದೇ ಮೊದಲು ಕರೆತಂದಿದ್ದ.

ಟ್ಯಾಂಕಿನಲ್ಲಿ ಡೀಸೆಲ್ ಇತ್ತು. ಬ್ಯಾಟರಿಯೂ ಗಟ್ಟಿಯಾಗಿತ್ತು. 'ಏರ್ ಹಿಡಿದಿದೆ' ಎಂದು ಅಪ್ಪ ಮಳೆಯಲ್ಲೇ ಇಳಿದ.

ಡೀಸೆಲ್ ಎಂಜಿನ್ನಿಗೆ ಕಿಡಿ ಕೊಡುವ ಪ್ಲಗ್ ಇಲ್ಲ. ಸಿಲಿಂಡರಿನಲ್ಲಿ ಒತ್ತಿ ಕಾಯಿಸಿದ ಗಾಳಿಯೊಳಕ್ಕೆ ಡೀಸೆಲ್ ಮಂಜಿನಂತೆ ಚಿಮ್ಮಿದರೆ ತಾನಾಗಿ ಹೊತ್ತಿಕೊಳ್ಳುತ್ತದೆ. ಹಾಗೆ ಚಿಮ್ಮಲು ಹಳೆಯ ಲಾರಿಗಳಲ್ಲಿ ವಾತಾವರಣದ ಒತ್ತಡದ ಸುಮಾರು 200 ಪಟ್ಟು ಬೇಕು. ಬೆಂಗಳೂರಿನ ಆಡುಗೋಡಿಯಲ್ಲಿ ಕಾರ್ಖಾನೆ ಹೂಡಿದ ಮೈಕೋ ಕಂಪನಿ (2008ರಿಂದ ಅದು ಬಾಷ್) ಲಾರಿಗಳಿಗೆ ಒದಗಿಸುತ್ತಿದ್ದ ಪಂಪಿನ ಕೆಲಸ ಇದೇ. ಡೀಸೆಲ್ ಅಷ್ಟು ಸುಲಭಕ್ಕೆ ಕುಗ್ಗದು, ಗಾಳಿ ಕುಗ್ಗುತ್ತದೆ. ಪೈಪಿನಲ್ಲಿ ಗಾಳಿ ಸೇರಿದರೆ ಪಂಪು ಎಷ್ಟು ಒತ್ತಿದರೂ ಒತ್ತಡ ಏರುವುದಿಲ್ಲ.

ಅಪ್ಪ ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿದ. ಮಗ ಕೈಪಂಪು ಒತ್ತತೊಡಗಿದ. ನೊರೆ ಬಂತು, ಗುಳ್ಳೆ ಬಂತು. 'ಗುಳ್ಳೆ ನಿಲ್ಲೋ ತನಕ ಬಿಡಬೇಡ ಮಾರಾಯ!' ಬರಿಯ ಡೀಸೆಲ್ ಹರಿಯುತ್ತಿರುವಾಗಲೇ ಸ್ಕ್ರೂ ಬಿಗಿದದ್ದಾಯಿತು. ಮುಂದಿನ ಪಂಪಿಗೂ ಅದೇ ಉಪಚಾರ. (ಈಗಿನ ಕಾಮನ್ ರೈಲ್ ಎಂಜಿನ್ನುಗಳಲ್ಲಿ ಒತ್ತಡ ಸಾವಿರ ಪಟ್ಟು ಮೀರುತ್ತದೆ, ಅಲ್ಲಿ ಕಂಡ ಕಂಡ ನಟ್ಟು ಸಡಿಲಿಸುವುದು ಅಪಾಯ.)

ಲಾರಿ ಹೊರಟಿತು. ಎರಡು ಮೈಲಿಗೆ ಮತ್ತೆ ನಿಂತಿತು. ಶಪಿಸುತ್ತ ಅಪ್ಪ ಸ್ಪ್ಯಾನರ್ ಎತ್ತಿಕೊಂಡ.

'ಅಪ್ಪಯ್ಯ, ಗಾಳಿ ತೆಗೆದಿದ್ದು ಸರಿ. ಅದು ಒಳಗೆ ಹೋಗಿದ್ದು ಎಲ್ಲಿಂದ?'

ಟ್ಯಾಂಕಿನಿಂದ ಬರುವ ಪೈಪನ್ನು ಮಗ ಬೆರಳಿನಿಂದ ಸವರುತ್ತ ಹೋದ. ತುದಿಯ ರಬ್ಬರ್ ಸಣ್ಣಗೆ ಸೀಳಿತ್ತು. ಪಂಪು ಡೀಸೆಲ್ ಎಳೆದುಕೊಳ್ಳುವ ಭಾಗವಾದ್ದರಿಂದ ಹನಿಯೂ ಸೋರದೆ ಗಾಳಿಯಷ್ಟೇ ಒಳಸೇರುತ್ತಿತ್ತು. ಸೀಳಿದ ತುದಿ ಕತ್ತರಿಸಿ, ಉಳಿದದ್ದನ್ನು ತೂರಿಸಿ ಬಿಗಿದರು.

'ನಿಂಗೆ ಹೆಂಗೆ ಗೊತ್ತಾತೊ?'

'ಸ್ಟ್ರಾ ತೂತಾದ್ರೆ ಎಳನೀರು ಬರದಿಲ್ಲಲ್ಲ, ಹಂಗೆ.'

ಮತ್ತೆ ಲಾರಿ ನಿಲ್ಲಲಿಲ್ಲ. ಅಪ್ಪನೂ ಮಾತಾಡಲಿಲ್ಲ. ತೀರ್ಥಹಳ್ಳಿ ಪೇಟೆಯ ದೀಪಗಳು ಕಂಡಾಗ ಮಾತ್ರ, ರಸ್ತೆಯಿಂದ ಕಣ್ಣು ತೆಗೆಯದೆ ಕೇಳಿದ:

'ಆ ಪರೀಕ್ಷೆಗೆ ಮತ್ತೆ ದುಡ್ಡು ಕಟ್ಟೋಕೆ ಕಡೇ ದಿನ ಯಾವತ್ತು?'