ಖಡಿ ಒಡೆಯುತ್ತ ಕಲಿತ ಮರಾಠಿ

ನಮ್ಮ ಆಯಿ ತೊಂಬತ್ತು ದಾಟಿದ್ದಳು ಅನ್ನುವುದು ಅಂದಾಜಿನ ಮಾತು. ಆಧಾರ್ ಕಾರ್ಡಿನಲ್ಲಿ ಜನವರಿ 1 ಅಂತಿದೆ. ಜತ್ತ ತಾಲೂಕಿನ ನಮ್ಮೂರಲ್ಲಿ ಆ ವಯಸ್ಸಿನ ಅರ್ಧ ಮಂದಿ ಅದೇ ದಿನ ಹುಟ್ಟಿದವರು. ಆಕೆಯ ಲೆಕ್ಕ ಬೇರೆ ಇತ್ತು. ಜತ್ತ ಸಂಸ್ಥಾನ ಮುಂಬೈ ಪ್ರಾಂತದಲ್ಲಿ ಕೂಡಿದ ವರ್ಷ, ಅಂದರೆ 1948ರಲ್ಲಿ, ಇಂಡಿ ತಾಲೂಕಿನ ತವರಿಂದ ಚಕ್ಕಡಿಯಲ್ಲಿ ಬಂದು ಈ ಮನೆಯ ಹೊಸ್ತಿಲು ತುಳಿದಳು. ಆಗಿನ್ನೂ ಸೀರೆ ಉಡಲಿಕ್ಕೆ ಬರುತ್ತಿರಲಿಲ್ಲವಂತೆ. 1956ರಲ್ಲಿ ತವರು ಮೈಸೂರು ರಾಜ್ಯಕ್ಕೆ ಹೋಯಿತು, ಗಂಡನ ಮನೆ ಮುಂಬೈ ರಾಜ್ಯದಲ್ಲೇ ಉಳಿಯಿತು. 1960ರಲ್ಲಿ ಅದೂ ಮಹಾರಾಷ್ಟ್ರವಾಯಿತು. ಮಹಾಜನ ಆಯೋಗದ ವರದಿ ಬಂದು ಹೋಯಿತು. ಆಯಿ ಮಾತ್ರ ಅದೇ ಒಲೆಯ ಮುಂದೆ ಕೂತಿದ್ದಳು.

ಗಡಿನಾಡೆಂದರೆ ಎರಡು ಭಾಷೆ ಹಾಲು ಸಕ್ಕರೆಯಂತೆ ಬೆರೆತ ನೆಲ ಎಂದು ವೇದಿಕೆಯ ಮೇಲೆ ಹೇಳುವವರಿದ್ದಾರೆ. ಆಯಿಯ ಮರಾಠಿ ಹಾಗೆ ತಾನಾಗಿ ಬೆರೆತದ್ದಲ್ಲ. ಮದುವೆಯಾಗಿ ಇಪ್ಪತ್ತು ವರ್ಷ ಕಳೆದರೂ ಆಕೆಗೆ ಮರಾಠಿ ಬರುತ್ತಿರಲಿಲ್ಲ. ಬೇಕಾಗಿಯೂ ಇರಲಿಲ್ಲ. ಓಣಿ ಕನ್ನಡದ್ದು, ಮಠ ಕನ್ನಡದ್ದು, ಚಟ್ಟಿ ಅಮಾವಾಸ್ಯೆಗೆ ನಡೆದು ಹೋಗುವ ಗುಡ್ಡಾಪುರದ ದಾನಮ್ಮನೂ ಕನ್ನಡದವಳೇ. ತಲಾಠಿಯ ಹತ್ತಿರ ಮಾತಾಡುವುದು ಗಂಡಸರ ಕೆಲಸ.

ಮರಾಠಿ ಕಲಿಸಿದ್ದು 1972ರ ಬರಗಾಲ. ಬಾವಿ ಬತ್ತಿ, ದನ ಮಾರಿ, ಇಡೀ ಊರು ಸರಕಾರಿ ಕಾಮಗಾರಿಗೆ ಬಿತ್ತು. ರಸ್ತೆಗೆ ಖಡಿ ಒಡೆಯುವುದು, ಕೆರೆಗೆ ಮಣ್ಣು ಹೊರುವುದು. ಹಜೇರಿ ಪುಸ್ತಕ ಮರಾಠಿ, ಮುಕಾದಮ ಮರಾಠಿ. ಅಳತೆಯಲ್ಲಿ ಮೋಸವಾದರೆ ಜಗಳ ತೆಗೆಯಲಿಕ್ಕಾದರೂ ಆ ಭಾಷೆ ಬೇಕಲ್ಲ. ಪಕ್ಕದಲ್ಲಿ ಕೂತು ಕಲ್ಲು ಕುಟ್ಟುತ್ತಿದ್ದ ಮರಾಠಾ ಹೆಂಗಸೊಬ್ಬಳು ಆಕೆಯ ಗುರು. ಮೊದಲು ಕಲಿತದ್ದು ಬೈಗುಳವೇ ಅಂತ ಆಯಿ ನಗುತ್ತಿದ್ದಳು. ಆಮೇಲೆ ಲೆಕ್ಕ, ಆಮೇಲೆ ಬಾಣಂತನದ ಮಾತು, ಸೊಸೆಯರ ದೂರು. ಮಕ್ಕಳಿಗೆ ಕೊಡುತ್ತಿದ್ದ ಸುಕಡಿಯನ್ನು ಇಬ್ಬರೂ ಸೆರಗಿನಲ್ಲಿ ಕಟ್ಟಿ ತರುತ್ತಿದ್ದರು. ರೇಶನ್ನಿನಲ್ಲಿ ಅಮೆರಿಕಾದ ಕೆಂಪು ಮಿಲೊ ಜೋಳ ಬರುತ್ತಿತ್ತು. ‘ಅದರ ಹಿಟ್ಟಿಗೆ ಜಿಗಿನ ಇರಲಿಲ್ಲೋ ತಮ್ಮಾ, ತಟ್ಟಿದ್ರ ಬಿರೀತಿತ್ತು. ಆಕಿ ಮನ್ಯಾಗೂ ಹಂಗ, ನಮ್ಮನ್ಯಾಗೂ ಹಂಗ’ ಅನ್ನುತ್ತಿದ್ದಳು.

ನಾವು ಶಾಲೆಯಲ್ಲಿ ಕಲಿತ ಮರಾಠಿ ಶುದ್ಧ. ಅದರಲ್ಲಿ ಅರ್ಜಿ ಬರೆಯಬಹುದು. ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆ ಮುಗಿಸಿ ಜತ್ತದ ಕಾಲೇಜಿಗೆ ಹೋದ ನಾವೆಲ್ಲ ಹೆದರುತ್ತಲೇ ಅದನ್ನು ಕಲಿತವರು. ಆಯಿಗೆ ಲಿಂಗ, ವಚನ ಎಲ್ಲ ತಪ್ಪು. ಆದರೂ ಆಸ್ಪತ್ರೆಯಲ್ಲಿ ನರ್ಸ್ ಬಂದು ಮಂಚದ ಅಂಚಿಗೆ ಕೂತು ತನ್ನ ಮನೆಯ ಕಷ್ಟ ಹೇಳಿಕೊಳ್ಳುತ್ತಿದ್ದದ್ದು ಆಕೆಯ ಹತ್ತಿರ. ಅರ್ಜಿಯ ಭಾಷೆಯವರಾದ ನಮ್ಮನ್ನು ಆ ನರ್ಸ್ ಬಿಲ್ಲು ಕಟ್ಟಿದಿರಾ ಅಂತಷ್ಟೇ ಕೇಳುತ್ತಿದ್ದಳು.

ಕೊನೆಯ ವರ್ಷಗಳಲ್ಲಿ ಮರೆವು ಬಂತು. ಮಕ್ಕಳ ಹೆಸರು ಅದಲು ಬದಲಾಗುತ್ತಿತ್ತು, ಭಾಷೆ ಮಾತ್ರ ಆಗಲಿಲ್ಲ. ಮೊಮ್ಮಗನ ಪುಣೆಯ ಹೆಂಡತಿ ಬಂದರೆ ತಟ್ಟನೆ ‘ಜೇವಲೀಸ ಕಾ?’ ಅಂತ ಊಟ ವಿಚಾರಿಸಿ, ಮರುಕ್ಷಣ ನಮ್ಮ ಕಡೆ ತಿರುಗಿ ‘ಪಾಪ, ಸೊರಗ್ಯಾಳ’ ಅನ್ನುತ್ತಿದ್ದಳು.

ಮಣ್ಣು ಕೊಟ್ಟು ಬಂದ ಮೇಲೆ ಕಾಗದದ ಕೆಲಸ ಶುರುವಾಗಿದೆ. ಇಂಡಿಯ ಕಡೆ ತವರಿನ ಹೊಲದಲ್ಲಿ ಆಕೆಗೊಂದು ಪಾಲಿತ್ತು. ಅಲ್ಲಿನ ಉತಾರದಲ್ಲಿ ಹೆಸರಿನ ಕೊನೆಗೆ ‘ಅವ್ವ’, ಇಲ್ಲಿನ ಮರಣ ಪ್ರಮಾಣಪತ್ರದಲ್ಲಿ ‘ಬಾಯಿ’. ಇಬ್ಬರೂ ಒಬ್ಬಳೇ ಎಂದು ಸಾಬೀತು ಮಾಡಬೇಕಂತೆ. ಮರಾಠಿ ಪ್ರಮಾಣಪತ್ರಕ್ಕೆ ಕನ್ನಡ ಅನುವಾದ ಬೇಕು, ಅನುವಾದಕ್ಕೆ ನೋಟರಿಯ ಸಹಿ ಬೇಕು, ಅಫಿಡವಿಟ್ಟಿಗೆ ಎರಡೂ ಕಡೆಯ ಸಾಕ್ಷಿ ಬೇಕು. ಸೋಮವಾರ ಕಾಕಾ ಫೈಲು ಹಿಡಿದು ಇಂಡಿಗೆ ಹೊರಟಿದ್ದಾನೆ. ಇಲ್ಲಿಯ ಸಾಕ್ಷಿಯಾಗಿ ಜೊತೆಗೆ ಹೊರಟವನು ಆ ಖಡಿ ಒಡೆದ ಹೆಂಗಸಿನ ಮಗ. ಅವನಿಗೆ ಕನ್ನಡ ಚೆನ್ನಾಗಿ ಬರುತ್ತದೆ.